ಸದ್ದುಗಳ ರೆಕಾರ್ಡ್ ಸೆಕ್ಷನ್

ಮಾರ್ಚ್ ೧, ೨೦೦೭, ಗುರುವಾರ

ನಿವೃತ್ತನಾದ ಮೊದಲ ದಿನ. ಅಭ್ಯಾಸಬಲದಿಂದ ಬೆಳಗ್ಗೆ ಎಂಟಕ್ಕೆಲ್ಲ ಇಸ್ತ್ರಿ ಶರಟು ಹಾಕಿಕೊಂಡು, ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ನಡುಮನೆಯಲ್ಲಿ ಕೂತೆ. ಹೋಗಬೇಕಾದ ಜಾಗ ಒಂದೂ ಇರಲಿಲ್ಲ. ಕೋಕಿಲಾ ಕಾಫಿ ತಂದಿಟ್ಟು, "ಊಟದ ಡಬ್ಬಿನೂ ಕಟ್ಕೊಡ್ಲಾ?" ಎಂದು ನಕ್ಕು ಒಳಗೆ ಹೋದಳು. ಹೆಂಡತಿಗೆ ಇಂಥ ಅವಕಾಶಗಳನ್ನು ಬಿಟ್ಟುಕೊಡುವ ಸ್ವಭಾವ ಇಲ್ಲ.

ಈ ಡೈರಿ ನಮ್ಮ ವಿಮಾ ಕಚೇರಿಯದ್ದೇ. ಪ್ರತಿ ಜನವರಿಯಲ್ಲೂ ಇಂಥವನ್ನು ನೆಂಟರಿಷ್ಟರಿಗೆ ಹಂಚಿದ್ದೇನೆ, ಒಂದರಲ್ಲೂ ಒಂದು ಸಾಲು ಬರೆದವನಲ್ಲ. ಈಗ ಪುರುಸೊತ್ತು ಬೇಕಾದಷ್ಟಿದೆ. ನಾನೇ ಬರೆದು ನಾನೇ ಓದಿಕೊಂಡರಾಯಿತು.

ನಿನ್ನೆಯ ಬೀಳ್ಕೊಡುಗೆಯಲ್ಲಿ ಮ್ಯಾನೇಜರು, "ಯಜ್ಞನಾರಾಯಣರು ಇಲ್ಲದೆ ನಮ್ಮ ರೆಕಾರ್ಡ್ ಸೆಕ್ಷನ್ ಕುರುಡಾಗುತ್ತೆ" ಎಂದರು. ಹಾರ ಹಾಕುವಾಗ ಆಡುವ ಮಾತು ಎನ್ನಬಹುದು, ಆದರೆ ನಿಜ. ಯಾವ ಪಾಲಿಸಿ ಫೈಲು ಯಾವ ಕಪಾಟಿನಲ್ಲಿದೆ ಎಂಬುದು ನನ್ನ ತಲೆಯಲ್ಲೇ ಇತ್ತು. ನನ್ನ ಜಾಗಕ್ಕೆ ಬಂದ ಶ್ರೀಹರಿ ಒಳ್ಳೆಯವನು, ಆದರೆ ಗಡಿಬಿಡಿ ಮನುಷ್ಯ. ವಾರದೊಳಗೆ "ಸಾರ್, ಆ ಫೈಲು ಎಲ್ಲಿ?" ಎಂದು ಫೋನು ಮಾಡದಿದ್ದರೆ ಕೇಳಿ.

ಕೋಕಿಲಾ ದಿನವಿಡೀ ಹಿಂದಿನ ರೂಮಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಟಿಂಗ್ ಟಿಂಗ್ ಅನ್ನಿಸುತ್ತಿದ್ದಳು. ಶಾಲೆಯ ಸಂಗೀತ ಟೀಚರ್ ಕೆಲಸ ಬಿಟ್ಟ ಮೇಲೆ ಅವಳು ಇಂದಿರಾನಗರದ ಡ್ಯಾನ್ಸ್ ಕ್ಲಾಸುಗಳಿಗೆ ಕಂಪ್ಯೂಟರಿನಲ್ಲೇ ಸಂಗೀತ ಮಾಡಿಕೊಡುತ್ತಾಳೆ. ನಾನು ಹಗಲು ಹೊತ್ತು ಜೀವನ್‌ಭೀಮಾನಗರದ ಈ ಮನೆಯಲ್ಲಿ ಇದ್ದವನೇ ಅಲ್ಲವಾದ್ದರಿಂದ ಗಲಾಟೆ ಇಷ್ಟು ಎಂದು ಗೊತ್ತಿರಲಿಲ್ಲ. ಸಂಗೀತಕ್ಕೂ ನನಗೂ ಅಷ್ಟಕ್ಕಷ್ಟೆ. ಮದುವೆಯಾದ ಹೊಸದರಲ್ಲಿ ಅವಳ ಜೊತೆ ಒಂದು ದೇವರನಾಮಕ್ಕೆ ದನಿಗೂಡಿಸಿದ್ದೆ. ಅವಳು ಹಾಡು ನಿಲ್ಲಿಸಿ ನೀರು ಕುಡಿದು ಬಂದಳು. ಅಲ್ಲಿಂದ ನಾನು ಬಾಯಿ ಬಿಟ್ಟಿಲ್ಲ.

ಮಾರ್ಚ್ ೫, ಸೋಮವಾರ

ಶ್ರೀಹರಿಯ ಫೋನು ಬರಲಿಲ್ಲ.

ಬೆಳಗ್ಗೆ ಅಡುಗೆಮನೆಯ ಡಬ್ಬಿಗಳನ್ನು ಅಕಾರಾದಿಯಾಗಿ ಜೋಡಿಸಿದೆ. ಅವಲಕ್ಕಿ ಮೊದಲು, ಹೆಸರುಬೇಳೆ ಕೊನೆಗೆ. ಮಧ್ಯಾಹ್ನ ಒಗ್ಗರಣೆಗೆ ಎಣ್ಣೆ ಕಾಯಿಸಿ ಕೋಕಿಲಾ ಕೈ ಚಾಚಿದರೆ ಸಾಸಿವೆ ಇದ್ದ ಜಾಗದಲ್ಲಿ ಮೆಂತ್ಯ. ನೋಡದೆಯೇ ಹಾಕಿಬಿಟ್ಟಳು. ಸಾರು ಕಹಿಯಾಯಿತು.

"ರೀ, ನನ್ ಕಣ್ಣು ಹುಡುಕಲ್ಲ, ಕೈ ಹುಡುಕತ್ತೆ. ಕೈಗೆ ಗೊತ್ತಿರೋ ಜಾಗ ಬದಲಾಯಿಸ್ಬೇಡಿ!"

"ಡಬ್ಬಿ ಮೇಲೆ ಚೀಟಿ ಅಂಟಿಸಿದೀನಲ್ಲೇ."

"ಚೀಟಿ ಓದ್ಕೊಂಡು ಒಗ್ಗರಣೆ ಹಾಕಿದ್ರೆ ಸೀದುಹೋಗತ್ತೆ."

ಆಮೇಲೆ ಕೈಗೆ ಚೀಲ ಕೊಟ್ಟು ರಸೆಲ್ ಮಾರುಕಟ್ಟೆಗೆ ಅಟ್ಟಿದಳು. ನುಗ್ಗೆಕಾಯಿಗಿಂತ ನನ್ನನ್ನು ಮನೆಯಿಂದ ಹೊರಗೆ ಕಳಿಸುವುದೇ ಅವಳಿಗೆ ಅಗತ್ಯವಾಗಿತ್ತು ಎಂದು ಬಸ್ಸು ಹಲಸೂರು ದಾಟುವಾಗ ಹೊಳೆಯಿತು. ಬೇಜಾರಾಯಿತು.

ಮಾರ್ಚ್ ೯, ಶುಕ್ರವಾರ

ಸಂಜೆ ಮರ್ಫಿ ಟೌನಿನಿಂದ ಯಮುನಾ ಎಂಬಾಕೆ ಬಂದಿದ್ದರು. ಸರಕಾರಿ ಶಾಲೆಯ ಟೀಚರು. ಬಿಡುವಿನಲ್ಲಿ ಅಲ್ಲಿನ ಬುದ್ಧವಿಹಾರದ ಹೆಣ್ಣುಮಕ್ಕಳಿಗೆ ನೃತ್ಯ ಕಲಿಸುತ್ತಾರೆ. ಕೋಕಿಲಾ ಹಿಂದೆ ಇದ್ದ ಶಾಲೆಯಲ್ಲೇ ಇವರೂ ಸ್ವಲ್ಪ ಕಾಲ ಇದ್ದರಂತೆ.

"ಅಕ್ಕ, ಪ್ರತಿ ವರ್ಷ ಬುದ್ಧಪೂರ್ಣಿಮೆಗೆ ಯಾವ್ದೋ ಸಿನಿಮಾ ಟ್ಯೂನಿಗೆ ನಮ್ ಮಾತು ತುರುಕಿ ಕುಣಿಸ್ತೀವಿ. ಈ ಸಲ ಸುಜಾತೆ ಕತೆ ಮಾಡ್ಬೇಕು ಅಂತಿದೀನಿ. ಸಂಗೀತ ನಮ್ಗೇ ಅಂತ ಹುಟ್ಟಿದ್ದಿರ್ಬೇಕು. ನೀವೇ ಮಾಡ್ಕೊಡ್ಬೇಕು."

ಸುಜಾತೆ ಎಂದರೆ, ಉಪವಾಸ ಮಾಡಿ ಎಲುಬಿನ ಹಂದರವಾಗಿ ಕೂತಿದ್ದ ಸಿದ್ಧಾರ್ಥನಿಗೆ ಪಾಯಸ ತಂದುಕೊಟ್ಟ ಹೆಣ್ಣುಮಗಳು. ಅವನು ಅದನ್ನು ಉಂಡು, ಚೇತರಿಸಿಕೊಂಡು, ಆಮೇಲೆ ಬುದ್ಧನಾದ.

ಕೋಕಿಲಾ ತಕ್ಷಣ ಒಪ್ಪಲಿಲ್ಲ. ಇದುವರೆಗೆ ಅವಳು ಮಾಡಿದ್ದೆಲ್ಲ ನಕಲಿನ ಕೆಲಸ. ಡ್ಯಾನ್ಸ್ ಟೀಚರು ಕ್ಯಾಸೆಟ್ಟು ಕೊಡುತ್ತಾರೆ, ಇವಳು ಹಾಡುಗಾರರ ದನಿ ಬಿಟ್ಟು ಉಳಿದದ್ದನ್ನು ಹಾಗೆಯೇ ಕಂಪ್ಯೂಟರಿನಲ್ಲಿ ಕಟ್ಟುತ್ತಾಳೆ. ಸ್ವಂತದ್ದು ಒಂದೂ ಇಲ್ಲ. ಲೋಟದ ಅಂಚನ್ನು ಉಜ್ಜುತ್ತ ಎಷ್ಟೋ ಹೊತ್ತು ಕೂತಿದ್ದು, "ಆಯ್ತು ಯಮುನಾ, ಮಾಡ್ತೀನಿ" ಎಂದಳು. ಕಿವಿಯವರೆಗೆ ಕೆಂಪಾಗಿದ್ದಳು. ಹಬ್ಬ ಮೇ ಎರಡಕ್ಕೆ.

ಆಮೇಲೆ ಶುರುವಾಯಿತು ಹುಡುಕಾಟ. ಸುಜಾತೆ ಬಟ್ಟಲನ್ನು ಸಿದ್ಧಾರ್ಥನ ಮುಂದೆ ಇಡುವಾಗ ಎಲ್ಲ ವಾದ್ಯವೂ ನಿಂತು ಒಂದೇ ಒಂದು ಸದ್ದು ಉಳಿಯಬೇಕಂತೆ. ಆ ಸದ್ದನ್ನು ಹೋದ ವರ್ಷ ಈ ಕಂಪ್ಯೂಟರಿನಲ್ಲೇ ಎಲ್ಲೋ ಕೇಳಿದ್ದಳಂತೆ. ಎಲ್ಲಿ ಎಂದು ನೆನಪಿಲ್ಲ.

ಮೊದಲ ಸಲ ನಾನು ಆ ರೂಮಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ವಿಷಯ ತಿಳಿದುಕೊಂಡೆ. ಕಂಪ್ಯೂಟರಿನೊಳಗೇ ವಾದ್ಯಗಳಿವೆ, ಅವಕ್ಕೆ ಪ್ಲಗಿನ್ ಎನ್ನುತ್ತಾರೆ. ಒಂದೊಂದು ಪ್ಲಗಿನ್ನಿನಲ್ಲಿ ನೂರಾರು ಸಿದ್ಧ ಸದ್ದುಗಳು, ಅವು ಪ್ರಿಸೆಟ್ಟು. ಶಿವಾಜಿನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮಂಜೂರ್ ಬಂದಾಗಲೆಲ್ಲ ಒಂದೊಂದು ಸಿಡಿಯಷ್ಟು ತುಂಬಿಸಿ ಹೋಗಿದ್ದಾನೆ. ಎಲ್ಲವೂ ಒಂದರ ಮೇಲೊಂದು ಬಿದ್ದಿವೆ. ಹೆಸರುಗಳೋ, ದೇವರಿಗೇ ಪ್ರೀತಿ. "ವಾರ್ಮ್ ಪ್ಯಾಡ್", "ವಾರ್ಮ್ ಪ್ಯಾಡ್ ಟೂ", "ನ್ಯೂ ವಾರ್ಮ್ ಪ್ಯಾಡ್ ಫೈನಲ್". ನಮ್ಮ ಸೆಕ್ಷನ್ನಿನಲ್ಲಿ ಹೀಗೆ ಫೈಲು ಇಟ್ಟಿದ್ದರೆ ಒಬ್ಬರು ಸತ್ತರೆ ಹಣ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು.

"ಕೋಕಿಲಾ, ಇದನ್ನ ನಂಗೆ ಬಿಡು. ಜೋಡಿಸಿಕೊಡ್ತೀನಿ."

ಅವಳು ನನ್ನ ಮುಖ ನೋಡಿದಳು. ಮೆಂತ್ಯದ ಸಾರು ನೆನಪಾಗಿರಬೇಕು. ಆದರೆ ಸೋತಿದ್ದಳು. "ಮಾಡಿ. ಮಧ್ಯಾಹ್ನ ನಾನು ಮಲಗಿದಾಗ ಮಾಡಿ. ಒಂದನ್ನೂ ಅಳಿಸ್ಬೇಡಿ, ಅಷ್ಟೇ."

ಮಾರ್ಚ್ ೧೩, ಮಂಗಳವಾರ

ಕೆಲಸ ಶುರು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ಒಂದೊಂದೇ ಪ್ರಿಸೆಟ್ಟನ್ನು ಒತ್ತಿ ಕೇಳುವುದು, ವರ್ಗ ಮಾಡುವುದು. ವರ್ಗಗಳು ನನ್ನವೇ, ಪಾಲಿಸಿ ಫೈಲುಗಳಿಗೆ ಇಡುತ್ತಿದ್ದಂಥವು. ಅವಳು ದಿನಾ ಬಳಸುವುದಕ್ಕೆ "ಚಾಲ್ತಿ". ವರ್ಷಗಟ್ಟಲೆ ಮುಟ್ಟದ್ದಕ್ಕೆ "ಲ್ಯಾಪ್ಸ್". ಲ್ಯಾಪ್ಸ್ ಆಗಿದ್ದರೂ ಜೀವ ಇರುವಂಥದ್ದಕ್ಕೆ "ರಿವೈವಲ್". ನೋಡಿ ಅವಳು ನಕ್ಕಳು. ನಗಲಿ.

ಒಂದು ಮಾತು ಒಪ್ಪಿಕೊಳ್ಳಬೇಕು. ನನಗೆ ಎಲ್ಲ ಒಂದೇ ಥರ ಕೇಳಿಸುತ್ತಿದೆ. ಈ ಪ್ಯಾಡ್ ಎಂಬ ಜಾತಿ ಇದೆಯಲ್ಲ, ಅಷ್ಟೂ ಕುಕ್ಕರು ಕೂಗುವುದಕ್ಕೆ ಮುಂಚಿನ ಉಸಿರು. ಸಂಜೆಗೆ ತಲೆ ಸಿಡಿದು ಅಮೃತಾಂಜನ ಹಚ್ಚಿಕೊಂಡೆ.

ಮಾರ್ಚ್ ೧೬, ಶುಕ್ರವಾರ

ಎಲ್ಲ ಕುಕ್ಕರು ಒಂದೇ ಅಲ್ಲ.

ಮಾರ್ಚ್ ೨೩, ಶುಕ್ರವಾರ

ಯುಗಾದಿ ಕಳೆಯಿತು. ಹೋಳಿಗೆ ಚೆನ್ನಾಗಿತ್ತು.

ಹಳೆಯ ಹೆಸರುಗಳಿಂದ ಪ್ರಯೋಜನವಿಲ್ಲ ಎಂದು ತೀರ್ಮಾನಿಸಿ, ಕೇಳಿದ ತಕ್ಷಣ ಏನು ನೆನಪಾಗುತ್ತದೋ ಅದನ್ನೇ ಹೆಸರಾಗಿ ಇಡುತ್ತಿದ್ದೇನೆ. "ರಸೆಲ್ ಮಾರುಕಟ್ಟೆ, ಬಾಗಿಲು ತೆಗೆಯುವಾಗ." "ಕೆರೆ ಮೇಲಿನ ಗಾಳಿ." "ಕಮರ್ಷಿಯಲ್ ಸ್ಟ್ರೀಟಿನ ಬಳೆ ಅಂಗಡಿ." "ಸೊಳ್ಳೆ, ಪರದೆಯ ಹೊರಗೆ." "ಸೊಳ್ಳೆ, ಪರದೆಯ ಒಳಗೆ." ಹೀಗೆ ಇಟ್ಟರೆ ಮರೆಯುವುದಿಲ್ಲ.

ಕೋಕಿಲಾ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತ ಹೋದವಳು ಒಂದು ಕಡೆ ನಿಂತಳು.

"ಇದೇನ್ರೀ, 'ಕೋಕಿಲಾ ಮುನಿಸು'?"

"ಕೇಳು."

ಒತ್ತಿದಳು. ತಗ್ಗಿನ ದನಿಯಲ್ಲಿ ಶುರುವಾಗಿ, ಏನೂ ಹೇಳದೆ, ಬಹಳ ಹೊತ್ತು ಹಾಗೆಯೇ ಇರುವ ಸದ್ದು. ನಗು ತಡೆಯಲಾರದೆ ಕುರ್ಚಿಗೆ ಒರಗಿದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಆ ಖುಷಿಯಲ್ಲಿ ಇನ್ನೂ ಎರಡು ಸದ್ದಿಗೆ ಅದೇ ಹೆಸರಿಟ್ಟು ಎರಡು, ಮೂರು ಎಂದು ನಂಬರು ಹಾಕಿದೆ.

ಏಪ್ರಿಲ್ ೩, ಮಂಗಳವಾರ

ಬಟ್ಟಲಿನ ಸದ್ದು ಸಿಕ್ಕಿತು!

ಮಧ್ಯಾಹ್ನ "ಲ್ಯಾಪ್ಸ್" ಗುಂಪಿನ ತಳದಲ್ಲಿ ಒಂದನ್ನು ಒತ್ತಿದೆ. ಸ್ಟೀಲ್ ಲೋಟವನ್ನು ಕಡಪ ಕಲ್ಲಿನ ಮೇಲೆ ಇಟ್ಟು ಕೈ ತೆಗೆದ ಮೇಲೂ ಒಂದು ಚೂರು ದನಿ ಉಳಿಯುತ್ತದಲ್ಲ, ಹಾಗೆ. "ಲೋಟ ಇಟ್ಟ ಮೇಲೆ" ಎಂದು ಹೆಸರಿಟ್ಟೆ. ಮಲಗಿದ್ದವಳನ್ನು ಎಬ್ಬಿಸಬಾರದು, ಆದರೂ ಎಬ್ಬಿಸಿದೆ. ಕೆದರಿದ ಕೂದಲಲ್ಲೇ ಬಂದು ಕೇಳಿದಳು.

"ಇದೇ ರೀ. ಇದೇ!"

ಆಮೇಲೆ ಅವಳು ಅದನ್ನು ಹಾಗೇ ಬಿಡಲಿಲ್ಲ. ತೆರೆಯ ಮೇಲಿನ ಗುಂಡಿಗಳನ್ನು ಅತ್ತ ಇತ್ತ ತಿರುಗಿಸಿ, ಚೂಪು ತೆಗೆದು, ಕೊನೆಯನ್ನು ಎಳೆದು ಎಳೆದು, ಕಾಫಿಯನ್ನೂ ಮರೆತು ತಿದ್ದುತ್ತ ಕೂತಳು. ನಾನೂ ಪಕ್ಕದಲ್ಲೇ ಕೂತಿದ್ದೆ. ಬೇರೆ ಕೆಲಸ ಇರಲಿಲ್ಲ. ಕೊನೆಗೆ ಅವಳಿಗೆ ಒಪ್ಪಿಗೆಯಾದಾಗ ನನಗೂ ಆಯಿತು ಅನ್ನಿಸಿತು, ಯಾಕೋ.

ಏಪ್ರಿಲ್ ೧೫, ಭಾನುವಾರ

ಮರ್ಫಿ ಟೌನಿಗೆ ಹೋಗಿದ್ದೆವು, ವಿಹಾರದ ಮುಂದಿನ ಅಂಗಳದಲ್ಲಿ ಮಕ್ಕಳ ಅಭ್ಯಾಸ. ಆಗಿರುವಷ್ಟು ಸಂಗೀತವನ್ನು ಟೇಪ್‌ರೆಕಾರ್ಡರಿನಲ್ಲಿ ಹಾಕಿದರು. ಯಮುನಾರ ಅತ್ತೆ ಪಿಳ್ಳಮ್ಮ ಮೆಟ್ಟಿಲ ಮೇಲೆ ಕೂತು ಕೇಳಿ, "ಯಾರ್ ನುಡ್ಸಿದ್ದು ಇದನ್ನ? ಎಷ್ಟು ಜನ?" ಎಂದು ಕೇಳಿದರು.

"ಇವ್ರೊಬ್ರೇ ಅತ್ತೆ, ಕೋಕಿಲಕ್ಕ," ಎಂದರು ಯಮುನಾ.

ಪಿಳ್ಳಮ್ಮ ನಂಬಲಿಲ್ಲ. ನನ್ನ ಕಡೆ ಕೈ ತೋರಿಸಿ, "ಇವ್ರೇನ್ ಬಾರ್ಸೋದು ಮತ್ತೆ?" ಎಂದರು.

"ನಾನು ಜೋಡಿಸ್ತೀನಿ ಅಷ್ಟೇ ಅಮ್ಮ," ಎಂದೆ.

"ಪೂರ್ಣಿಮೆ ದಿನ ಬರ್ಬೇಕು ಇಬ್ರೂ. ಪಾಯಸ ನಾನೇ ಮಾಡೋದು, ಇಡೀ ಬೀದಿಗೆ."

ಬರುವಾಗ ಆಟೋದಲ್ಲಿ ಕೂತಿದ್ದೆವು. ಹಲಸೂರಿನ ಸಿಗ್ನಲ್ಲಿನಲ್ಲಿ ನಾಲ್ಕಾರು ಆಟೋ ನಿಂತಿದ್ದವು. ಒಂದೊಂದರ ಇಂಜಿನಿನ ಶ್ರುತಿ ಬೇರೆ ಬೇರೆ. ನಮ್ಮದು ಎಲ್ಲಕ್ಕಿಂತ ತಗ್ಗು. ಇದನ್ನು ಕೋಕಿಲಾಗೆ ಹೇಳಿದೆ. ಅವಳು ನನ್ನನ್ನೇ ನೋಡಿದಳು. ಮೂಗಿನ ಮೇಲೆ ಮಸಿ ಹತ್ತಿದೆಯೋ ಎಂದು ಒರೆಸಿಕೊಂಡೆ.

ಏಪ್ರಿಲ್ ೨೪, ಮಂಗಳವಾರ

ಇಂದು ನನ್ನ ಜೀವನದ ಒಳ್ಳೆಯ ದಿನಗಳಲ್ಲಿ ಒಂದು.

ಸಂಗೀತ ಪೂರ್ತಿಯಾಗಿದೆ. ಇನ್ನು ಸಿಡಿಗೆ ಇಳಿಸುವುದೊಂದೇ ಬಾಕಿ. ಕೋಕಿಲಾ ತಂಗಿಯ ಮಗಳ ಸೀಮಂತಕ್ಕೆಂದು ಬೆಳಗ್ಗೆಯೇ ಕೆ.ಆರ್. ಪುರಕ್ಕೆ ಹೋದಳು. ಅವಳು ಬರುವಷ್ಟರಲ್ಲಿ ಒಂದು ಉಡುಗೊರೆ ಕೊಡೋಣ ಎನಿಸಿತು. ಇಷ್ಟು ದಿನ ನಾನು ಜೋಡಿಸಿದ್ದು ಪ್ರಿಸೆಟ್ಟುಗಳ ಪಟ್ಟಿಯನ್ನು ಮಾತ್ರ. ಆ ವಾದ್ಯಗಳ ಫೈಲುಗಳು ಇನ್ನೂ ಕಂಪ್ಯೂಟರಿನಲ್ಲಿ ಕಂಡಕಂಡಲ್ಲಿ ಬಿದ್ದಿದ್ದವು. ಒಂದು ಚೂರು ಇಲ್ಲಿ, ಒಂದು ಚೂರು ಅಲ್ಲಿ. ಕಪಾಟಿನ ಹೊರಗೆ ರಂಗೋಲಿ ಹಾಕಿ ಒಳಗೆ ಕಸ ಬಿಟ್ಟ ಹಾಗೆ.

ಎಲ್ಲವನ್ನೂ ಎತ್ತಿ ಚಾಲ್ತಿ, ಲ್ಯಾಪ್ಸ್, ರಿವೈವಲ್ ಎಂಬ ಮೂರು ಮನೆಗಳಿಗೆ ಸಾಗಿಸಿದೆ. ಒಂದನ್ನೂ ಅಳಿಸಲಿಲ್ಲ, ಕೊಟ್ಟ ಮಾತು ಮಾತೇ. ಹೆಸರುಗಳನ್ನೂ ಕನ್ನಡದ ಕ್ರಮಕ್ಕೆ ತಂದೆ. ಕಚೇರಿಯಲ್ಲಾಗಿದ್ದರೆ ಯಾವುದು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಬರೆದಿಡುತ್ತಿದ್ದೆ. ಮನೆಯಲ್ಲಿ ಯಾವ ಆಡಿಟರು ಕೇಳುತ್ತಾನೆ ಎಂದು ಬಿಟ್ಟೆ.

ಕೊನೆಗೆ ಸುಜಾತೆಯ ಹಾಡನ್ನು ತೆರೆದು ನೋಡಿದೆ, ಎಲ್ಲ ಸರಿ ಇದೆಯೇ ಎಂದು. ಏನೇನೋ ಇಂಗ್ಲಿಷಿನಲ್ಲಿ ಕೇಳುತ್ತ ಒಂದರ ಮೇಲೊಂದು ಚೌಕ ಬಂತು. ಎಲ್ಲಕ್ಕೂ ಓಕೆ ಒತ್ತಿದೆ. ಒಂದೊಂದು ವಾದ್ಯಕ್ಕೆ ಒಂದೊಂದರಂತೆ ಸಾಲುಗಳೆಲ್ಲ ತೆರೆಯ ಮೇಲೆ ಅಚ್ಚುಕಟ್ಟಾಗಿ ಕಾಣಿಸಿದವು. ನುಡಿಸಿ ನೋಡುವಷ್ಟರಲ್ಲಿ ಹಾಲಿನವನು ಗಂಟೆ ಒತ್ತಿದ. ಮುಚ್ಚುವಾಗ, "ಉಳಿಸಬೇಕೇ?" ಎಂದು ಕೇಳಿತು. ಉಳಿಸಬೇಡ ಎನ್ನುವವನು ಯಾವನಾದರೂ ಇದ್ದಾನೆಯೇ? ಉಳಿಸಿದೆ.

ಕಚೇರಿ ಬಿಟ್ಟ ಮೇಲೆ ಇಷ್ಟು ಹಾಯಾಗಿ ಅನ್ನಿಸಿದ್ದು ಇವತ್ತೇ.

ಏಪ್ರಿಲ್ ೨೫, ಬುಧವಾರ

ಹಾಡು ಹೋಯಿತು. ನಾನೇ ಕೊಂದೆ.

ಕೋಕಿಲಾ ಬೆಳಗ್ಗೆ ಸಿಡಿ ಮಾಡಲು ಕೂತಳು. ನುಡಿಸಿದರೆ, ಇದ್ದಬದ್ದ ಸಾಲೆಲ್ಲ ಒಂದೇ ಹಾಳು ಪಿಯಾನೋ. ಕೊಳಲಿನ ಜಾಗದಲ್ಲಿ ಪಿಯಾನೋ, ಗಾಳಿಯ ಜಾಗದಲ್ಲಿ ಪಿಯಾನೋ, ಬಟ್ಟಲಿನ ಜಾಗದಲ್ಲಿ ಟಣ್ ಎಂದು ಪಿಯಾನೋ.

ಮಂಜೂರ್‌ಗೆ ಫೋನು ಮಾಡಿದೆವು. ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಬಂದ. ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ. "ಅರೇ ಸಾರ್, ಎಲ್ರನ್ನೂ ಮನೆ ಖಾಲಿ ಮಾಡ್ಸಿ ಬೇರೆ ಕಡೆ ಕಳ್ಸಿದೀರಾ. ಹಾಡು ಹಳೇ ಮನೆಗೆ ಹೋಗಿ ಬಾಗ್ಲು ತಟ್ಟಿದೆ, ಅಲ್ಲಿ ಯಾರೂ ಇಲ್ಲ. ಬರೀ ಅಷ್ಟೇ ಆಗಿದ್ರೆ ನಾನು ವಾಪಸ್ ತರ್ತಿದ್ದೆ. ಆದ್ರೆ ನೀವು ಹಾಗೇ ಸೇವ್ ಮಾಡ್ಬಿಟ್ರಲ್ಲ ಸಾರ್."

ವಾದ್ಯಗಳಿರುವ ಹೊಸ ಜಾಗಗಳನ್ನು ಅವನು ಕಂಪ್ಯೂಟರಿಗೆ ತೋರಿಸಿಕೊಟ್ಟ. ವಾದ್ಯಗಳೆಲ್ಲ ಇವೆ. ಸ್ವರಗಳೂ ಇವೆ. ಆದರೆ ಯಾವ ಸಾಲಿಗೆ ಯಾವ ಸದ್ದು ಎಂಬ ನಂಟು ನಾನು ಉಳಿಸಿದ ಗಳಿಗೆಯಲ್ಲೇ ಕಡಿದುಹೋಗಿದೆ. ಕೋಕಿಲಾ ತಿದ್ದಿದ್ದೆಲ್ಲ ಹೋಗಿದೆ. ಅವಳು ಬೇರೆ ಎತ್ತಿಟ್ಟಿದ್ದ ಸಿಡಿಯಲ್ಲಿ ಇರುವುದು ಮಾರ್ಚಿನ ಕರಡು, ನಾಲ್ಕು ಸಾಲು. ಮಕ್ಕಳ ಅಭ್ಯಾಸಕ್ಕೆ ಕೊಟ್ಟ ಕ್ಯಾಸೆಟ್ಟಿನಲ್ಲೂ ಶುರುವಿನ ಭಾಗ ಮಾತ್ರ.

ಅವಳು ಬೈಯಲಿಲ್ಲ. ಎದ್ದು ಹೋಗಿ ಗಿಡಗಳಿಗೆ ನೀರು ಹಾಕಿದಳು, ಬೆಳಗ್ಗೆ ಒಂದು ಸಲ ಹಾಕಿದ್ದರೂ.

ಏಪ್ರಿಲ್ ೨೬, ಗುರುವಾರ

ಊಟ ಸೇರಲಿಲ್ಲ. ಕೋಕಿಲಾ ಒಂದೇ ಮಾತು ಆಡಿದಳು. "ಯಮುನಾಗೆ ಹೇಳ್ಬೇಕು, ಹಳೇ ಕ್ಯಾಸೆಟ್ಟೇ ಹಾಕ್ಕೊಳ್ಳಿ ಅಂತ."

ನಾಚಿಕೆಯಾಗುತ್ತಿದೆ. ಭಯವೂ ಆಗುತ್ತಿದೆ. ಅವಳದ್ದೇ ಆದದ್ದು ಒಂದೇ ಒಂದಿತ್ತು.

ಏಪ್ರಿಲ್ ೨೭, ಶುಕ್ರವಾರ

ಬೆಳಗ್ಗೆ ಅವಳು ಯಮುನಾಗೆ ಫೋನು ಮಾಡಲೆಂದು ರಿಸೀವರ್ ಎತ್ತಿದಳು. ನಾನು ಹೋಗಿ ಅದನ್ನು ಕೈಯಿಂದ ಕಸಿದು ಕೆಳಗಿಟ್ಟೆ. ಇಷ್ಟು ವರ್ಷದಲ್ಲಿ ಹಾಗೆ ಎಂದೂ ಮಾಡಿದವನಲ್ಲ.

"ಹಾಡು ನಿನ್ ತಲೇಲಿ ಇದೆಯೋ ಇಲ್ವೋ?"

"ಇದೆ. ಇದ್ದು ಏನ್ ಮಾಡ್ಲಿ? ಸಾವಿರಗಟ್ಟಲೆ ಸದ್ದು, ನೀವು ಬೇರೆ ಹೆಸರೆಲ್ಲ ಬದಲಾಯಿಸಿದೀರಿ. ಯಾವ್ದು ಯಾವ್ದಕ್ಕಿತ್ತು ಅಂತ ಒಂದೊಂದೇ ತೆಗೆದು ಕೇಳ್ತಾ ಕೂತ್ರೆ ಮುಂದಿನ ಪೂರ್ಣಿಮೆ ಬರತ್ತೆ."

"ನೀನ್ ಕೇಳ್ಬೇಡ. ನೀನ್ ಹಾಡು, ನಾನ್ ಹುಡುಕ್ತೀನಿ."

ಅವಳಿಗೆ ನಂಬಿಕೆ ಇರಲಿಲ್ಲ. ನನಗೂ ಇರಲಿಲ್ಲ, ಆದರೆ ಸುಮ್ಮನೆ ಕೂರುವುದಕ್ಕಿಂತ ವಾಸಿ ಎನಿಸಿತು. ರೂಮಿಗೆ ಹೋಗಿ ಕೂತೆವು. ಮೊದಲ ಸಾಲು. ಅವಳು ಕಣ್ಣು ಮುಚ್ಚಿ "ಊಂ" ಎಂದು ಎಳೆದಳು, ಮೂಗಿನಲ್ಲಿ.

"ಕೆರೆ ಮೇಲಿನ ಗಾಳಿ," ಎಂದು ತೆಗೆದುಕೊಟ್ಟೆ.

ಒತ್ತಿದಳು. ಅದೇ.

ಎರಡನೆಯದು, "ತಿಟ್ಟಿ ತಿಟ್ಟಿ, ಆದ್ರೆ ದೂರದಿಂದ" ಎಂದಳು. ಬಳೆ ಅಂಗಡಿ. ಅದೇ. ಮೂರನೆಯದಕ್ಕೆ ಎರಡು ಕೊಟ್ಟೆ, ಸೊಳ್ಳೆ ಒಳಗೆ, ಸೊಳ್ಳೆ ಹೊರಗೆ. ಅವಳು ಒಳಗಿನದ್ದೆಂದಳು. ನಾನು ಹೊರಗಿನದ್ದೆಂದೆ. ನುಡಿಸಿ ನೋಡಿದರೆ ಹೊರಗಿನದ್ದೇ. ಬೇಕೆಂದೇ ಸೋತಳೋ ಎಂದು ಮುಖ ನೋಡಿದೆ. ಇಲ್ಲ, ನಿಜಕ್ಕೂ ಸೋತಿದ್ದಳು.

ಸಿದ್ಧಾರ್ಥ ಒಂಟಿಯಾಗಿ ಕೂತಿರುವ ಭಾಗಕ್ಕೆ ಬಂದಾಗ ಅವಳು ಹಾಡದೆ ಸುಮ್ಮನಾದಳು. ನಾನು ಏನೂ ಕೇಳದೆ "ಕೋಕಿಲಾ ಮುನಿಸು" ತೆಗೆದಿಟ್ಟೆ. ಒಂದನೆಯದ್ದಲ್ಲ, ಮೂರನೆಯದು.

"ಹೇಗ್ ಗೊತ್ತಾಯ್ತು?"

"ನಿನ್ನೆ ಇಡೀ ದಿನ ಅದನ್ನೇ ಕೇಳಿದೀನಲ್ಲ."

ಎರಡು ದಿನದಲ್ಲಿ ಮೊದಲ ಸಲ ಅವಳ ತುಟಿ ಸಡಿಲಾಯಿತು. ಮಧ್ಯಾಹ್ನ ಹೋಟೆಲಿನಿಂದ ಬಿಸಿಬೇಳೆಬಾತ್ ತರಿಸಿದೆವು. ನಾನೇ ಜಾಸ್ತಿ ತಿಂದೆ.

ಏಪ್ರಿಲ್ ೩೦, ಸೋಮವಾರ

ಎಲ್ಲ ಸಾಲುಗಳೂ ಕೂತಿವೆ. ಬಟ್ಟಲೊಂದು ಉಳಿದಿತ್ತು. "ಲೋಟ ಇಟ್ಟ ಮೇಲೆ" ಇದೆ, ಅದಕ್ಕೇನು. ಆದರೆ ಅದು ಕಚ್ಚಾ ಸದ್ದು. ಅವಳು ಆವತ್ತು ಕೂತು ತಿದ್ದಿದ್ದು ಅದರಲ್ಲಿಲ್ಲ.

ಬೆಳಗ್ಗೆಯಿಂದ ಗುಂಡಿಗಳನ್ನು ತಿರುಗಿಸಿದಳು. ಎರಡು ಸಲ ಕರೆಂಟು ಹೋಯಿತು. ಸಂಜೆಯ ಹೊತ್ತಿಗೆ, "ಇಷ್ಟೇ ಇತ್ತು ರೀ. ಇದೇ," ಎಂದಳು.

"ಅಲ್ಲ."

"ಏನ್ ಅಲ್ಲ?"

"ಕೊನೇಲಿ ಒಂದು ನಡುಕ ಇತ್ತು. ಸದ್ದು ಮುಗೀತು ಅಂದ್ಕೊಂಡಾಗ ಒಂದ್ ಚೂರು ಬಗ್ಗಿ ಮತ್ತೆ ಏಳ್ತಿತ್ತು. ಹುಡುಗಿ ಬಟ್ಟಲು ಇಟ್ಟು ಕೈ ತೆಗೀದೆ ಹಾಗೇ ಇದ್ದ ಹಾಗೆ."

ಅವಳು ಮೌಸಿನಿಂದ ಕೈ ತೆಗೆದು ನನ್ನನ್ನೇ ನೋಡಿದಳು. ಆಮೇಲೆ ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದಳು.

"ಇನ್ನೂ ಕಮ್ಮಿ."

ತಿರುಗಿಸಿದಳು.

"ಆಯ್ತು."

ಇಬ್ಬರೂ ಮತ್ತೊಂದು ಸಲ ಕೇಳಿದೆವು. ಅವಳ ಕಣ್ಣು ಒದ್ದೆಯಾಗಿತ್ತು. ದಿನವಿಡೀ ಆ ತೆರೆಯನ್ನು ನೋಡಿದರೆ ಯಾರ ಕಣ್ಣಾದರೂ ಉರಿಯುತ್ತದೆ ಎಂದು ಇಳನೀರು ತಂದುಕೊಟ್ಟೆ.

ಮಂಜೂರ್ ಬಂದು ಸಿಡಿ ಮಾಡಿದ. ಒಂದಲ್ಲ, ಮೂರು. ಒಂದನ್ನು ನನ್ನ ಕೈಗೆ ಕೊಡದೆ ಕೋಕಿಲಾಗೇ ಕೊಟ್ಟು, "ಮೇಡಂ, ಇದನ್ನ ಅಕ್ಕಿ ಡಬ್ಬಿಲಿ ಇಡಿ, ಸಾರ್‌ಗೆ ಹೇಳ್ಬೇಡಿ," ಎಂದ. ನಾನೂ ನಕ್ಕೆ. ನಗಲೇಬೇಕಾಗಿತ್ತು.

ಮೇ ೨, ಬುಧವಾರ, ಬುದ್ಧಪೂರ್ಣಿಮೆ

ಮರ್ಫಿ ಟೌನಿನ ಬೀದಿ ತುಂಬ ಜನ. ಬಣ್ಣದ ಕಾಗದದ ತೋರಣ, ದೀಪ, ಮೆಟ್ಟಿಲುಗಳ ಮೇಲೆ ಅಜ್ಜಿಯರು, ತಾರಸಿಗಳ ಮೇಲೆ ಹುಡುಗರು. ತಮಿಳಿನಲ್ಲಿ ಒಬ್ಬರು, ಕನ್ನಡದಲ್ಲಿ ಒಬ್ಬರು ಮೈಕಿನಲ್ಲಿ ಎಲ್ಲರನ್ನೂ ಕೂರಿಸುತ್ತಿದ್ದರು. ಯಾರೂ ಕೂರಲಿಲ್ಲ.

ನೃತ್ಯ ಶುರುವಾಯಿತು. ಗಾಳಿ ಬಂತು, ಬಳೆ ಬಂತು. ಸಿದ್ಧಾರ್ಥನಾಗಿದ್ದ ಹುಡುಗಿ ಎಷ್ಟು ಸಣ್ಣಗಿದ್ದಳೆಂದರೆ ಅವಳಿಗೆ ಯಾರಾದರೂ ನಿಜಕ್ಕೂ ಪಾಯಸ ಕೊಡಲಿ ಅನ್ನಿಸಿತು. ಸುಜಾತೆ ಹಿತ್ತಾಳೆ ಬಟ್ಟಲು ಹಿಡಿದು ನಡೆದು ಬಂದಳು. ಎಲ್ಲ ವಾದ್ಯ ನಿಂತವು. ಬಾಗಿದಳು, ಇಟ್ಟಳು.

ಆ ಸದ್ದು ಬಂತು. ಅಷ್ಟು ಗದ್ದಲದ ಬೀದಿ ಸುಮ್ಮನಾಯಿತು. ಮುಗಿಯಿತು ಎನ್ನುವಾಗ ಒಂದು ಚೂರು ಬಗ್ಗಿ ಮತ್ತೆ ಎದ್ದಿತು. ಆಗ ಆ ಹುಡುಗಿ, ಯಾರೂ ಹೇಳಿಕೊಡದಿದ್ದರೂ, ಬಟ್ಟಲಿನಿಂದ ಕೈ ತೆಗೆಯದೆ ಹಾಗೆಯೇ ಇದ್ದಳು. ಕೋಕಿಲಾ ನನ್ನ ಕೈ ಹಿಡಿದುಕೊಂಡಿದ್ದಳು. ಬೀದಿಯಲ್ಲಿ, ಅಷ್ಟು ಜನರ ನಡುವೆ.

ಪಿಳ್ಳಮ್ಮ ಪಾಯಸ ಬಡಿಸುತ್ತ ಬಂದರು. ನನ್ನ ಎಲೆಗೆ ಇನ್ನೊಂದು ಸೌಟು ಹಾಕಿ, "ಜೋಡ್ಸೋರು ನೀವಲ್ವಾ? ಚೆನ್ನಾಗ್ ಜೋಡ್ಸಿದೀರಿ," ಎಂದರು. ಆಗಿದ್ದ ಅನಾಹುತ ಅವರಿಗೆ ಗೊತ್ತಿಲ್ಲ. ಕೋಕಿಲಾ ಹೇಳಲೂ ಇಲ್ಲ.

ಮೇ ೭, ಸೋಮವಾರ

ಬೆಳಗ್ಗೆ ಶ್ರೀಹರಿ ಫೋನು ಮಾಡಿದ್ದ. ಯಾವ ಶ್ರೀಹರಿ ಎಂದು ಒಂದು ಕ್ಷಣ ಹೊಳೆಯಲಿಲ್ಲ. ರೆಕಾರ್ಡ್ ಸೆಕ್ಷನ್ನಿನಲ್ಲಿ ಎಲ್ಲ ಅಸ್ತವ್ಯಸ್ತವಾಗಿದೆಯಂತೆ, ಮ್ಯಾನೇಜರು ಹೇಳಿಕಳಿಸಿದ್ದಾರಂತೆ, ಕೆಲವು ತಿಂಗಳ ಮಟ್ಟಿಗೆ ಬರಬೇಕಂತೆ.

"ಬೆಳಗ್ಗೆ ಬೇಕಾದ್ರೆ ಒಂದೆರಡು ದಿನ ಬಂದು ತೋರಿಸಿಕೊಡ್ತೀನಪ್ಪ," ಎಂದೆ. "ಮಧ್ಯಾಹ್ನ ಆಗಲ್ಲ. ಮಧ್ಯಾಹ್ನ ನಂಗೆ ಕೆಲಸ ಇದೆ."

ಅವನು ಏನು ಕೆಲಸ ಸಾರ್ ಎಂದು ಕೇಳಿದ. ವಿವರಿಸುತ್ತ ಹೋದರೆ ಹೊತ್ತಾಗುತ್ತದೆಂದು ಇಟ್ಟುಬಿಟ್ಟೆ. ಮಂಜೂರ್ ಹೊಸ ಸಿಡಿ ಕಳಿಸಿದ್ದಾನೆ, ಇನ್ನೂ ಬಿಚ್ಚಿಲ್ಲ. ಯಮುನಾಗೆ ಮುಂದಿನ ವರ್ಷಕ್ಕೆ ಬೇರೆ ಕತೆ ಬೇಕಂತೆ. ಕೋಕಿಲಾ ಆಗಲೇ ಏನೋ ಗುನುಗುತ್ತಿದ್ದಾಳೆ, ಅದಕ್ಕೆ ನೀರಿನ ಥರದ್ದು ಬೇಕು ಅನ್ನಿಸುತ್ತಿದೆ.

ಸಂಜೆ ಅಡುಗೆಮನೆಯಲ್ಲಿ ಕಾಫಿ ಕುಡಿದೆವು. ಡಬ್ಬಿಗಳೆಲ್ಲ ಅವಳ ಹಳೆಯ ಜಾಗದಲ್ಲೇ ಇವೆ, ಚೀಟಿಗಳನ್ನು ನಾನೇ ಕಿತ್ತೆ. ಕೋಕಿಲಾ ಕುಡಿದು ಮುಗಿಸಿ ಲೋಟವನ್ನು ಕಲ್ಲಿನ ಮೇಲೆ ಇಟ್ಟಳು. ಸದ್ದು ಪೂರ್ತಿ ಮುಗಿಯುವವರೆಗೆ ಇಬ್ಬರೂ ಕಿವಿಗೊಟ್ಟು ಕೂತಿದ್ದೆವು.